ಎಸ್‌ಎಂಪಿಎಸ್ ಬಿಚ್ಚದೆ ಸದ್ದು ಹಿಡಿದದ್ದು

ಆಷಾಢದಲ್ಲಿ ಲಗ್ನಪತ್ರಿಕೆ ಕೆಲಸ ಇರುವುದಿಲ್ಲ. ಅದಕ್ಕೇ ಈ ಸದ್ದು ಕಿವಿಗೆ ಬಿತ್ತು. ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ವೈಶಾಖದಲ್ಲಾದರೆ ಒಂದು ಕಡೆ ಜೆರಾಕ್ಸ್ ಯಂತ್ರ, ಇನ್ನೊಂದು ಕಡೆ ಗಿರಾಕಿಗಳ ಮಾತು. ಕಂಪ್ಯೂಟರು ಕಿರುಚಿಕೊಂಡರೂ ಯಾರಿಗೂ ಕೇಳದು. ಮಳೆ ಹಿಡಿದು ಅಂಗಡಿ ಖಾಲಿ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ, ಟೈಪಿಂಗ್ ಮಾಡುವ ಹುಡುಗಿ ನುಡಿ ಸಾಫ್ಟ್‌ವೇರ್ ತೆರೆದು ಕೂತವಳು ಕೈ ತೆಗೆದು ಹೇಳಿದಳು, "ಅಣ್ಣಾ, ಇದರೊಳಗೆ ಕಣಜ ಹೊಕ್ಕಂಗಿದೆ ನೋಡಿ."

ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ಕಿವಿಯಿಟ್ಟೆ. ಹೌದು, ಗೊರಗೊರ ಅನ್ನುವ ಸದ್ದು. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಇರುವ ಜಾಗದಿಂದಲೇ ಬರುತ್ತಿತ್ತು. ಏಳು ವರ್ಷದ ಹಳೆ ಮಾಲು, ಅದೇ ಇರಬೇಕು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನ ಮೂರರಲ್ಲಿ ಒಂದು ಪಾಲು ಮಾತ್ರ ಸರಿ ಅಂತ ಗೊತ್ತಾಗುವಷ್ಟರಲ್ಲಿ ಶ್ರಾವಣ ಬಂದಿತ್ತು.

ಮುಂದೆ ಹೋಗುವ ಮೊದಲು ನನ್ನದೊಂದು ಹಳೆ ಪೆಟ್ಟಿನ ವಿಷಯ ಹೇಳಬೇಕು. ಐಟಿಐ ಮುಗಿಸಿ ಶಿವಮೊಗ್ಗದ ಒಂದು ಸರ್ವಿಸ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಸ್ಟಾರ್ಟೇ ಆಗದ ಒಂದು ಎಸ್‌ಎಂಪಿಎಸ್ ಬಂದಿತ್ತು. ಪ್ಲಗ್ ಕಿತ್ತೆ, ನಾಲ್ಕು ಸ್ಕ್ರೂ ಬಿಚ್ಚಿದೆ, ಮುಚ್ಚಳ ತೆಗೆದೆ. ಒಳಗೆ ಗಿಡ್ಡ ಡಬ್ಬಿಯಂಥ ಎರಡು ಕೆಪಾಸಿಟರ್. ಬೋರ್ಡು ಮೇಲೆತ್ತುವಾಗ ಸ್ಕ್ರೂಡ್ರೈವರ್ ಅಡಿಯ ಬೆಸುಗೆಗೆ ತಾಗಿತು. ಪಟಾಕಿ ಹೊಡೆದ ಹಾಗೆ ಟಪ್ ಅಂತು. ಸ್ಕ್ರೂಡ್ರೈವರಿನ ತುದಿ ಕರಗಿ ಗುಂಡಗಾಗಿತ್ತು, ಮೊಣಕೈವರೆಗೆ ಕೈ ನನ್ನದಲ್ಲ ಅನ್ನಿಸುತ್ತಿತ್ತು. ನಮ್ಮ ಗುರುಗಳು ಟೇಬಲ್ಲಿನ ಆಚೆಯಿಂದ ಕತ್ತೆತ್ತಿ ನೋಡಿ ಇಷ್ಟೇ ಕೇಳಿದರು: "ಕರೆಂಟು ಗೋಡೆಯಲ್ಲಿ ಮಾತ್ರ ಇರತ್ತೆ ಅಂದ್ಕೊಂಡಿದ್ಯೇನೋ?"

ನಮ್ಮ ಮನೆಗೆ ಬರುವ 230 ವೋಲ್ಟ್ ಎಸಿಯನ್ನು ಎಸ್‌ಎಂಪಿಎಸ್ ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಅಲೆಯ ತುದಿಗೆ ಲೆಕ್ಕ ಹಾಕಿದರೆ ಅದು ಸುಮಾರು 325 ವೋಲ್ಟ್. ಕರೆಂಟು ಎಳೆಯುವ ರೀತಿಯನ್ನು ಸರಿಪಡಿಸುವ ಆ್ಯಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುವ ಈಗಿನ ಮಾಲುಗಳಲ್ಲಿ ಇನ್ನೂ ಮೇಲೇರಿ 380–400ರ ಹತ್ತಿರ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಇದಿಷ್ಟೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಅದನ್ನು ನಿಧಾನಕ್ಕೆ ಖಾಲಿ ಮಾಡಲು ರೆಸಿಸ್ಟರ್ ಹಾಕಿರುತ್ತಾರೆ, ಆದರೆ ಆ ರೆಸಿಸ್ಟರೇ ಸುಟ್ಟಿದ್ದರೆ ಹೊರಗಿನಿಂದ ಒಂದು ಗುರುತೂ ಸಿಗದು. ವಿಚಿತ್ರ ಏನೆಂದರೆ, ಚೆನ್ನಾಗಿ ಓಡುತ್ತಿದ್ದ ಎಸ್‌ಎಂಪಿಎಸ್‌ಗಿಂತ ಸತ್ತ ಎಸ್‌ಎಂಪಿಎಸ್ ಹೆಚ್ಚು ಅಪಾಯ. ಓಡುವಂಥದ್ದು ಆರುವಾಗ ತನ್ನ ಚಾರ್ಜನ್ನು ತಾನೇ ತಿಂದು ಮುಗಿಸುತ್ತದೆ, ಸತ್ತದ್ದು ಹಾಗೇ ಹಿಡಿದಿಟ್ಟುಕೊಂಡಿರುತ್ತದೆ. ಅವತ್ತಿನಿಂದ ನಾನು ಆ ಡಬ್ಬಿಯ ಮುಚ್ಚಳ ತೆಗೆದಿಲ್ಲ. ಮೂರು ವರ್ಷ ಸರ್ವಿಸ್ ಮಾಡಿದವನೇ ತೆಗೆಯದಿದ್ದಾಗ, ಯೂಟ್ಯೂಬ್ ನೋಡಿ ತೆಗೆಯಲು ಹೊರಟವರನ್ನು ಕಂಡರೆ ನನ್ನ ಮೊಣಕೈ ಜುಂ ಅನ್ನುತ್ತದೆ.

ಹಾಗಾಗಿ ಮುಚ್ಚಳ ತೆಗೆಯದೆ ಸದ್ದಿನ ಮೂಲ ಹುಡುಕಬೇಕಿತ್ತು. ಮೂಸಿ ನೋಡಿದೆ, ಸುಟ್ಟ ವಾಸನೆ ಇಲ್ಲ. ಗ್ರಿಲ್ಲಿನ ಮೂಲಕ ಟಾರ್ಚ್ ಬಿಟ್ಟೆ: ಧೂಳು, ಒಂದಿಷ್ಟು ಇರುವೆಯ ಪುಡಿ, ಅಷ್ಟೇ. ಮಲೆನಾಡಿನ ಎಸ್‌ಎಂಪಿಎಸ್‌ಗಳಲ್ಲಿ ಹಲ್ಲಿ ಸಿಗುವುದು ಹೊಸತೇನಲ್ಲ. ಮಳೆಗಾಲದಲ್ಲಿ ಅಲ್ಲಿ ಬೆಚ್ಚಗಿರುತ್ತದಲ್ಲ, ಮೊಟ್ಟೆಯಿಡುವುದಕ್ಕೂ ಬರುತ್ತವೆ. ಚಟಚಟ ಸದ್ದು, ಕಿಡಿ, ಹೊಗೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಪರೀಕ್ಷೆ ಗಿರೀಕ್ಷೆ ಎಲ್ಲ ಬಿಟ್ಟು ಗೋಡೆಯ ಸ್ವಿಚ್ ಆರಿಸಿ ಸುಮ್ಮನಾಗುತ್ತಿದ್ದೆ. ಅಂಥದ್ದನ್ನು 'ಇನ್ನೊಮ್ಮೆ ಹಾಕಿ ನೋಡೋಣ' ಅನ್ನಬಾರದು.

ಸಂಜೆ ಷಟರ್ ಎಳೆದು, ಸೀಲಿಂಗ್ ಫ್ಯಾನ್ ಆರಿಸಿ, ಹಳೆ ಪೇಪರೊಂದನ್ನು ಕೊಳವೆ ಮಾಡಿ ಸುತ್ತಿ ಕಿವಿಗಿಟ್ಟುಕೊಂಡೆ. ಬರಿಗಿವಿಗೆ ಇಡೀ ಕ್ಯಾಬಿನೆಟ್ಟೇ ಸದ್ದು ಮಾಡಿದ ಹಾಗೆ ಕೇಳುತ್ತದೆ, ಯಾಕೆಂದರೆ ತಗಡು ತಬಲದ ಹಾಗೆ. ಎಲ್ಲಿ ಹೊಡೆದರೂ ಎಲ್ಲ ಕಡೆ ಮೊಳಗುತ್ತದೆ. ಕೊಳವೆ ಇಟ್ಟರೆ ಜಾಗ ಕಿರಿದಾಗುತ್ತದೆ. ಪೇಪರೇ ಯಾಕೆಂದರೆ, ಕೈ ಜಾರಿ ಗ್ರಿಲ್ಲಿಗೆ ತಾಗಿದರೂ ಅದು ಲೋಹ ಅಲ್ಲ. ಓಡುತ್ತಿರುವ ಎಸ್‌ಎಂಪಿಎಸ್‌ನ ಗ್ರಿಲ್ಲಿನೊಳಗೆ ಪೆನ್ನೋ ಕಡ್ಡಿಯೋ ತೂರಿಸಿ ಫ್ಯಾನ್ ನಿಲ್ಲಿಸಿ ನೋಡುವವರಿದ್ದಾರೆ. ನಮ್ಮ ಅಂಗಡಿಯಲ್ಲೇ ಒಬ್ಬ ಗಿರಾಕಿ ಹೇರ್‌ಪಿನ್ನು ಹಿಡಿದು ಬಂದಿದ್ದರು, ಕೈಮುಗಿದು ಕಳಿಸಿದೆ.

ಮೊದಲು ಅಂಗೈಯಿಂದ ಪಕ್ಕದ ತಗಡನ್ನು ಒತ್ತಿದೆ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಹಿಂಬದಿಯ ನಾಲ್ಕು ಸ್ಕ್ರೂಗಳಲ್ಲಿ ಒಂದು ಸಡಿಲ ಇತ್ತು, ಬಿಗಿ ಮಾಡಿದೆ. ತಗಡು ತಾಗುವಲ್ಲಿ ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಇಟ್ಟೆ. ನಡುಕ ನಿಂತಿತು, ಗೊರಗೊರ ನಿಲ್ಲಲಿಲ್ಲ.

ಆಮೇಲೆ ಉಳಿದವರ ಮೇಲಿನ ಅನುಮಾನ ಒಂದೊಂದಾಗಿ ತೆಗೆಯುವ ಕೆಲಸ. ಪ್ರತಿ ಸಲವೂ ಕಂಪ್ಯೂಟರ್ ಷಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ಪವರ್ ಕಾರ್ಡನ್ನೇ ಕಿತ್ತು, ಮುಂದಿನ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯುತ್ತಿದ್ದೆ. ಉಳಿದ ಚಾರ್ಜು ಹೋಗುವಾಗ ಕೆಲವೊಮ್ಮೆ ಫ್ಯಾನು ಒಂದು ಸಲ ಮಿಸುಕಾಡುತ್ತದೆ. ಇದರಿಂದ ಮದರ್‌ಬೋರ್ಡ್ ಕಡೆ ಕೈ ಹಾಕಲು ಧೈರ್ಯ ಬರುತ್ತದೆಯೇ ಹೊರತು ಎಸ್‌ಎಂಪಿಎಸ್ ಒಳಗೆ ಖಾಲಿಯಾಯಿತು ಅಂತ ಅರ್ಥವಲ್ಲ. ಹೀಗೆ ಮಾಡಿ ಹಾರ್ಡ್‌ಡಿಸ್ಕಿನ ಕರೆಂಟಿನ ವೈರ್ ತೆಗೆದೆ. ಕಂಪ್ಯೂಟರ್ ಹಾಕಿದರೆ ವಿಂಡೋಸ್ ಬರದು, ಅದಕ್ಕೂ ಮೊದಲಿನ ಸೆಟ್ಟಿಂಗ್ ಪರದೆ ಬಯಾಸ್‌ನಲ್ಲಿ ನಿಲ್ಲುತ್ತದೆ. ಸದ್ದು ಕೇಳಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಯಾವ ಲೋಡೂ ಏರಿಳಿಯುವುದಿಲ್ಲ. ಸದ್ದು ಹಾಗೇ ಇತ್ತು. ಕ್ಯಾಬಿನೆಟ್ ಫ್ಯಾನ್ ಬಿಚ್ಚಿದೆ, ಹಾಗೇ ಇತ್ತು. ಪ್ರೊಸೆಸರ್ ಫ್ಯಾನನ್ನು ಬಿಚ್ಚುವುದು ಬೇಡ ಅಂತ ಬಯಾಸ್‌ನಲ್ಲೇ ಅದರ ವೇಗ ಇಳಿಸಿ ನೋಡಿದೆ. ಗೊರಗೊರ ಜಗ್ಗಲಿಲ್ಲ. ಉಳಿದವನು ಒಬ್ಬನೇ.

ಅಷ್ಟಕ್ಕೇ ಎಸ್‌ಎಂಪಿಎಸ್ ಸತ್ತಿತು ಅನ್ನುವಂತಿಲ್ಲ. ಫ್ಯಾನಿನ ಸದ್ದೋ, ಒಳಗಿನ ಕಾಯಿಲ್‌ಗಳ, ಅಂದರೆ ತಂತಿ ಸುರುಳಿಗಳ, ಸದ್ದೋ? ಇಲ್ಲಿ ನನಗೆ ಎರಡು ಸುಳಿವು ಸಿಕ್ಕಿದವು. ಒಂದು, ಬೆಳಿಗ್ಗೆ ತಣ್ಣಗಿರುವಾಗ ಜೋರು, ಅರ್ಧ ಗಂಟೆ ಓಡಿದ ಮೇಲೆ ತಗ್ಗು. ಬೇರಿಂಗಿನ ಎಣ್ಣೆ ಒಣಗಿದ ಫ್ಯಾನು ಹೀಗೇ ಮಾಡುವುದು. ಚಳಿಗಾಲದ ಬೆಳಿಗ್ಗೆ ಹಳೆ ಸ್ಕೂಟರ್ ಗೊಣಗಿದ ಹಾಗೆ. ಎರಡನೆಯದು ಹೆಚ್ಚು ಖಾತ್ರಿಯದು. ನನ್ನ ಕ್ಯಾಬಿನೆಟ್ ಹಳೆ ಮಾದರಿಯದು, ಎಸ್‌ಎಂಪಿಎಸ್ ಮೇಲುಗಡೆ, ಅದರ 120 ಎಂಎಂ ಫ್ಯಾನು ಕೆಳಮುಖವಾಗಿ ನೇತಾಡುತ್ತಿರುತ್ತದೆ. ಕಂಪ್ಯೂಟರ್ ಪೂರ್ತಿ ಆರಿಸಿ, ಕಾರ್ಡು ಕಿತ್ತು, ಕ್ಯಾಬಿನೆಟ್ಟನ್ನು ಪಕ್ಕಕ್ಕೆ ಮಲಗಿಸಿ ಮತ್ತೆ ಹಾಕಿದೆ. ಗೊರಗೊರ ಮಾಯ! ಎಬ್ಬಿಸಿ ನಿಲ್ಲಿಸಿದರೆ ಮತ್ತೆ ಹಾಜರು. ಕಾಯಿಲಿಗೆ ನಿಂತರೇನು, ಮಲಗಿದರೇನು? ನಿಂತಾಗ ಒಂದು, ಮಲಗಿದಾಗ ಒಂದು ಸದ್ದು ಬಂದರೆ ಅದು ಸವೆದ ಬೇರಿಂಗಿನದ್ದೇ. ಓಡುತ್ತಿರುವಾಗಲೇ ಮಲಗಿಸಬಾರದು, ಹಾರ್ಡ್‌ಡಿಸ್ಕ್ ಇದ್ದರೆ ಅದರ ಕಥೆ ಮುಗಿಯಬಹುದು.

ಫೋನಿನಲ್ಲಿ ಸದ್ದಿನ ಆವರ್ತನ ತೋರಿಸುವ ಉಚಿತ ಆ್ಯಪ್‌ಗಳಿವೆ, ಅದನ್ನೂ ಹಿಡಿದೆ. ಲೆಕ್ಕ ಸುಲಭ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 20 ಸುತ್ತು, ಏಳು ರೆಕ್ಕೆಗೆ 140 ಹರ್ಟ್ಸ್. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ 120ರಲ್ಲಿ ಗುನುಗುತ್ತದೆ. ಕರಾರುವಾಕ್ಕಾಗಿ 100, 200, 300 ಅಂತ ಮೆಟ್ಟಿಲು ಕಂಡರೆ ಅದು ತಿರುಗುವ ವಸ್ತುವಿನದ್ದಲ್ಲ, ನಮ್ಮ 50 ಹರ್ಟ್ಸ್ ಕರೆಂಟಿನದ್ದು. ಅವತ್ತು ನನಗೆ ಕಂಡದ್ದು 130ರ ಆಸುಪಾಸು ಅಲುಗಾಡುವ ಗೆರೆ. ಫ್ಯಾನೇ. ಈ 100ರ ಮೆಟ್ಟಿಲು ಆಮೇಲೆ ಇನ್ನೊಂದು ಕಡೆ ಕೆಲಸಕ್ಕೆ ಬಂತು.

ಫ್ಯಾನು ಬಿಟ್ಟು ಉಳಿದದ್ದು ಗಟ್ಟಿಯಿದೆಯಾ ಅಂತಲೂ ನೋಡಿಬಿಡೋಣ ಅಂತ ಎಸ್‌ಎಂಪಿಎಸ್ಸನ್ನು ಹೊರತೆಗೆದೆ. ಕಾರ್ಡು ಸಿಗಿಸದೆ ಇರುವಾಗಲೇ 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಇರುವ ಒಂದೇ ಒಂದು ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಮದರ್‌ಬೋರ್ಡ್ ಇಲ್ಲದೆಯೂ ಆನ್ ಆಗಲಿ ಅಂತ ಪೇಪರ್ ಕ್ಲಿಪ್ಪಿನ ತುಂಡು ಸೇರಿಸಿ, ಲೋಡಿಗೆ ಅಂತ ಹಳೆ ಡಿವಿಡಿ ಡ್ರೈವ್ ಒಂದನ್ನು ಕಟ್ಟಿ, ಕೈ ದೂರ ಮಾಡಿದ ಮೇಲೆಯೇ ಸ್ವಿಚ್ ಹಾಕಿದ್ದು. ಮಲ್ಟಿಮೀಟರ್ ಡಿಸಿ 20ರಲ್ಲಿ: ಹಳದಿ 11.9, ಕೆಂಪು 5.06, ಕಿತ್ತಳೆ 3.31, ನೇರಳೆ 5.02. ಎಟಿಎಕ್ಸ್ ಅನ್ನುವ ಎಸ್‌ಎಂಪಿಎಸ್ ಮಾನದಂಡದ ಲೆಕ್ಕದಲ್ಲಿ ಶೇ 5 ಹೆಚ್ಚು–ಕಮ್ಮಿ ನಡೆಯುತ್ತದೆ, ಅಂದರೆ 12 ವೋಲ್ಟಿಗೆ 11.4ರಿಂದ 12.6. ಎಲ್ಲವೂ ಒಳಗೇ ಇತ್ತು. ಇಷ್ಟು ಕಮ್ಮಿ ಲೋಡಿನಲ್ಲಿ ಸರಿ ಬಂದದ್ದು ಪೂರ್ತಿ ಸರ್ಟಿಫಿಕೇಟ್ ಅಲ್ಲ. ಸರಿ ಬರದಿದ್ದರೆ ಮಾತ್ರ ಖಂಡಿತ ಕೆಟ್ಟಿದೆ ಅಂತ. ನಿಮ್ಮಲ್ಲಿ ಎಲ್ಲ ವೈರೂ ಕಪ್ಪಗಿದ್ದರೆ, ಅಥವಾ ಕಂಪನಿಯವರೇ ಜೋಡಿಸಿ ಕೊಟ್ಟ ಬೇರೆ ಆಕಾರದ ಕನೆಕ್ಟರ್ ಇದ್ದರೆ ಈ ಪರೀಕ್ಷೆಗೆ ಹೋಗಬೇಡಿ. ಮಲ್ಟಿಮೀಟರಿನ ಕಡ್ಡಿಯನ್ನು ಗೋಡೆಯ ಕರೆಂಟಿನ ಕಡೆಗಂತೂ ಒಯ್ಯಬೇಡಿ. ನಾವೆಲ್ಲ ಇಟ್ಟುಕೊಂಡಿರುವ ಆ ಅಗ್ಗದ ಹಳದಿ ಮೀಟರ್ ಅದಕ್ಕೆ ಆದದ್ದಲ್ಲ.

ಫ್ಯಾನ್ ಮಾತ್ರ ಬದಲಿಸಿದರೆ ಸಾಕಾಗಿತ್ತು. ಸ್ಟಿಕ್ಕರ್ ಎತ್ತಿ ಎರಡು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೂ ಕೆಲವು ತಿಂಗಳು ಓಡುತ್ತದೆ. ಎರಡಕ್ಕೂ ಮುಚ್ಚಳ ತೆಗೆಯಬೇಕು. ಏಳು ವರ್ಷದ ಅಗ್ಗದ ಮಾಲಿಗೆ ಅಷ್ಟು ಸಾಹಸ ಯಾಕೆ ಅಂತ ಬೆಂಗಳೂರಿನ ಎಸ್‌ಪಿ ರೋಡಿನ ಪರಿಚಯದ ಅಂಗಡಿಗೆ ಫೋನ್ ಮಾಡಿ, ಕರೆಂಟು ಕಮ್ಮಿ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಬ್ರಾಂಜ್ ಗುರುತಿನ 450 ವ್ಯಾಟಿನದ್ದೊಂದನ್ನು ಬಸ್ ಪಾರ್ಸೆಲ್ಲಿನಲ್ಲಿ ತರಿಸಿದೆ. ಹಾಕಿದೆ. ನಿಶ್ಶಬ್ದ. ಹುಡುಗಿ, "ಆನ್ ಆಗಿದ್ಯಾ ಅಣ್ಣಾ?" ಅಂತ ಕೇಳಿದಳು.

ಮೂರನೇ ದಿನ ಮಧ್ಯಾಹ್ನ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಶರಾವತಿಯ ಕರೆಂಟು ನಮ್ಮ ತಲೆ ಮೇಲೇ ಹಾದು ಹೋದರೂ ಮಳೆಗಾಲದಲ್ಲಿ ನಾವು ಕತ್ತಲಲ್ಲೇ ಇರುವುದು, ಆ ಮಾತು ಬಿಡಿ. ಯುಪಿಎಸ್ ಟಕ್ ಅಂತ ಬ್ಯಾಟರಿಗೆ ತಿರುಗಿದ್ದೇ ತಡ, ಹೊಸ ಎಸ್‌ಎಂಪಿಎಸ್ ಜುಂಯ್ ಅಂತ ಶುರುವಿಟ್ಟುಕೊಂಡಿತು. ಹೊಸದು, ಮೂರು ಸಾವಿರ ಚಿಲ್ಲರೆ ಕೊಟ್ಟದ್ದು! ಫೋನ್ ಮಾಡಿ ಅಂಗಡಿಯವರ ಮೇಲೆ ಹಾರಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕರೆಂಟ್ ಇದ್ದಾಗ ಸದ್ದಿದ್ಯಾ ಸರ್?" ಅಂದರು. ಇಲ್ಲ. "ಹಂಗಾದ್ರೆ ನಮ್ಮದಲ್ಲ ಸರ್, ನಿಮ್ಮ ಯುಪಿಎಸ್‌ದು."

ಅಗ್ಗದ ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟ್ ಹೋದಾಗ ಸೀಲಿಂಗ್ ಫ್ಯಾನು ಗುಂಯ್‌ಗುಡುವುದು ಎಲ್ಲರೂ ಕೇಳಿದ್ದೇ. ಇದೂ ಅದೇ ಜಾತಿ, ನನಗೆ ಹೊಳೆದಿರಲಿಲ್ಲ ಅಷ್ಟೆ. ಗೋಡೆಯ ಕರೆಂಟು ನುಣ್ಣಗೆ ಏರಿಳಿಯುವ ಅಲೆ. ನನ್ನ 600 ವಿಎ ಯುಪಿಎಸ್ ಬ್ಯಾಟರಿಯಲ್ಲಿ ಕೊಡುವುದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಅಲೆ. ಹೊಸ ಎಸ್‌ಎಂಪಿಎಸ್‌ನಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿಯ ಕೆಲಸವೇ ಅಲೆಯ ಆಕಾರ ಹಿಡಿದು ಅದರಂತೆ ಕರೆಂಟು ಎಳೆದುಕೊಳ್ಳುವುದು. ಮೆಟ್ಟಿಲಿನ ಅಂಚು ಬಂದಾಗೆಲ್ಲ ಕರೆಂಟು ಧುಮ್ಮಿಕ್ಕಿ ಒಳಗಿನ ಕಾಯಿಲ್ ಅದುರುತ್ತದೆ. ನನ್ನ ಹಳೆ ಮಾಲಿಗೆ ಪಿಎಫ್‌ಸಿಯೇ ಇರಲಿಲ್ಲ, ಮೆಟ್ಟಿಲೋ ಅಲೆಯೋ ಅದಕ್ಕೆ ಎಲ್ಲ ಒಂದೇ. ಆ್ಯಪ್ ಹಿಡಿದು ನೋಡಿದೆ: 100, 200, 300. ಖಾತ್ರಿಗೆ ಅಂತ ಕಂಪ್ಯೂಟರನ್ನು ಮನೆಗೆ ಹೊತ್ತು ಶುದ್ಧ ಸೈನ್ ವೇವ್ ಇನ್ವರ್ಟರಿಗೆ ಸಿಗಿಸಿದೆ. ಮೇನ್ ಸ್ವಿಚ್ ಇಳಿಸಿದರೂ ಮಿಸುಕಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ನಕ್ಕರು, ಇಂಥ ಫೋನು ಅವರಿಗೆ ನನ್ನೊಬ್ಬನದೇ ಆಗಿರಲಿಲ್ಲ. ಯುಪಿಎಸ್ ಬದಲಿಸಲಿಲ್ಲ. ಫೈಲ್ ಸೇವ್ ಮಾಡಿ ಷಟ್‌ಡೌನ್ ಮಾಡಲು ಬೇಕಾದ ನಾಲ್ಕು ನಿಮಿಷ ಜುಂಯ್ ಅಂದರೆ ಅನ್ನಲಿ. ಗಂಟೆಗಟ್ಟಲೆ ಅದರಲ್ಲೇ ಓಡಿಸುವವರಾದರೆ ಬದಲಿಸಬೇಕು, ಕೆಲವು ಎಸ್‌ಎಂಪಿಎಸ್‌ಗಳು ಆ ಅಲೆಗೆ ಮುನಿಸಿಕೊಂಡು ಆರಿಯೇ ಹೋಗುತ್ತವೆ.

ಮೂರನೆಯ ಸದ್ದು ಸಿಕ್ಕಿದ್ದು ಹುಡುಕಿ ಅಲ್ಲ. ಯುಪಿಎಸ್ಸೇ ಜುಂಯ್ ಅನ್ನುತ್ತಿದೆಯೋ ಎಸ್‌ಎಂಪಿಎಸ್ಸೋ ಅಂತ ಖಚಿತ ಮಾಡಲು ಒಂದು ರಾತ್ರಿ ಅದೇ ಪೇಪರ್ ಕೊಳವೆ ಹಿಡಿದು ಟೇಬಲ್ಲಿನ ಅಡಿಗೆ ತೂರಿದ್ದೆ. ಕರೆಂಟಿತ್ತು, ಎರಡೂ ಮೌನ. ಕೊಳವೆಯ ತುದಿ ಗೋಡೆಯ ಕಡೆ ತಿರುಗಿದಾಗ, ಒಗ್ಗರಣೆಯಲ್ಲಿ ಕೊನೆಯ ಸಾಸಿವೆ ಸಿಡಿದ ಹಾಗೆ, ಚಿಟಿ... ಚಿಟಿ. ಕೊಳವೆ ತೆಗೆದರೆ ಏನೂ ಇಲ್ಲ. ಇಟ್ಟರೆ ಮತ್ತೆ. ಯುಪಿಎಸ್ ಸಿಗಿಸಿದ್ದ ಸಾಕೆಟ್ಟಿನಿಂದ.

ಆಗ ಇನ್ನೊಂದೂ ನೆನಪಾಯಿತು. ಮಳೆ ಶುರುವಾದಾಗಿನಿಂದ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಹುಡುಗಿ ಎರಡು ಸಲ ಹೇಳಿದ್ದಳು, "ಚಪ್ಪಲಿ ಹಾಕ್ಕೊಳಮ್ಮ" ಅಂತ ತಳ್ಳಿಹಾಕಿದ್ದೆ. ಆ ಜುಂ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದೂ ತಳ್ಳಿಹಾಕಿದ್ದಕ್ಕೆ ಕ್ಷಮೆಯಿಲ್ಲ. ಕರೆಂಟು ಒಳಬರುವ ಎಸ್‌ಎಂಪಿಎಸ್ ಬಾಯಲ್ಲೇ ಫೇಸಿನಿಂದ ತಗಡಿನ ಮೈಗೆ ಒಂದು, ನ್ಯೂಟ್ರಲ್ಲಿನಿಂದ ತಗಡಿನ ಮೈಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತವೆ. ಅರ್ಥಿಂಗ್ ಸರಿ ಇದ್ದರೆ ಅವುಗಳಿಂದ ಸೋರುವ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹರಿಯುವುದು ಮಿಲಿಆಂಪಿಯರ್ ಲೆಕ್ಕದ್ದು, ಅಷ್ಟಕ್ಕೇ ಜೀವ ಹೋಗದು. ಆದರೆ ನಾಳೆ ನಿಜವಾಗಿ ಫೇಸೇ ತಗಡಿನ ಮೈಗೆ ತಾಗಿದರೆ ಕಾಯಲು ಅರ್ಥ್ ಇಲ್ಲ, ಹಸಿ ಸಿಮೆಂಟ್ ನೆಲದ ಮೇಲೆ ನಿಂತವರೇ ಅರ್ಥ್. ಟೆಸ್ಟರ್ ಇಟ್ಟೆ. ಕ್ಯಾಬಿನೆಟ್ಟಿನ ಸ್ಕ್ರೂ ಮೇಲೆ ಅದು ಮಿಣುಮಿಣು ಉರಿಯಿತು.

ಇದು ನನ್ನ ಕೆಲಸ ಅಲ್ಲ. ಅಂಗಡಿಯ ಮೇನ್ ಇಳಿಸಿ ಬಾಗಿಲು ಹಾಕಿದೆ, ಬೆಳಿಗ್ಗೆ ನಮ್ಮ ವೈರಿಂಗ್ ಮಾಡಿದವರನ್ನೇ ಕರೆಸಿದೆ. ಅವರು ಬೋರ್ಡು ಬಿಚ್ಚಿ ಸಾಕೆಟ್ ತಿರುಗಿಸಿ ತೋರಿಸಿದರು. ಫೇಸಿನ ಬದಿಯ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ, ವೈರಿನ ಮೇಲಿನ ಕವರು ಅರ್ಧ ಇಂಚು ಸುಟ್ಟು ಪುಡಿಯಾಗಿತ್ತು. ಅರ್ಥಿನ ವೈರು ಸ್ಕ್ರೂವಿನಿಂದ ಜಾರಿ ಪಕ್ಕದಲ್ಲಿ ಸುಮ್ಮನೆ ಕೂತಿತ್ತು. "ಇದ್ರಲ್ಲಿ ಎಷ್ಟ್ ದಿನದಿಂದ ಓಡಿಸ್ತಿದ್ರಿ ಮಾರಾಯ್ರೆ?" ಅಂದರು. ಆ ಸಾಕೆಟ್ ಹಾಕಿದ್ದು ಅವರೇ ಅಂತ ನಾನೂ ಹೇಳಲಿಲ್ಲ, ಅವರೂ ನೆನಪಿಸಿಕೊಳ್ಳಲಿಲ್ಲ. ಫೇಸಿನ ಸ್ಕ್ರೂಗೆ ಡ್ರೈವರ್ ಇಟ್ಟು ತಿರುಗಿಸಿದರು, ಬಿಗಿಯಾಗುವ ಮೊದಲು ಒಂದೂವರೆ ಸುತ್ತು ಹೋಯಿತು. ಹೊಸ ಸಾಕೆಟ್ಟು, ಹೊಸ ವೈರು, ಅರ್ಥ್ ಸೇರಿ ಎಲ್ಲ ಮುಗಿಯುವಾಗ ಮಧ್ಯಾಹ್ನ. ಕ್ಯಾಬಿನೆಟ್ಟಿಗೆ ಟೆಸ್ಟರ್ ಇಟ್ಟರೆ ಈಗ ಕತ್ತಲು. ಹುಡುಗಿ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು ಕೂತು, ಒಂದು ಬೆರಳಲ್ಲಿ ಮೆಲ್ಲಗೆ ತಗಡು ಮುಟ್ಟಿ ನೋಡಿ, ನುಡಿ ತೆರೆದಳು.